ಲೈಸೆನ್ಸಿನ ಗದ್ದೆ

"ತುರುಬು ಬಿಚ್ಚೇ. ಒದರು. ಜೋರಾಗಿ ಒದರು, ಮಳೆಯಲ್ಲಿ ನೆನೆದ ನಾಯಿಯ ಹಾಗೆ."

ಗೇಟಿನ ಕಾವಲಿನ ಹೆಂಗಸು ಹೇಳಿದಂತೆ ಕಾಂತಿ ತಲೆ ಬಗ್ಗಿಸಿ ಕೂದಲು ಒದರಿದಳು. ಸೆರಗು ಕೊಡವಿದಳು. ಬಾಯಿ ತೆರೆದು ತೋರಿಸಿದಳು. ಮಧ್ಯಾಹ್ನ ಗಂಜಿಗೆ ಹೊರಗೆ ಬರುವಾಗಲೂ ಇದು, ಸಂಜೆ ಮನೆಗೆ ಹೋಗುವಾಗಲೂ ಇದು. ಒಂದು ಎಲೆ ಹೊರಗೆ ಹೋದರೂ ಧಣಿಯ ಲೈಸೆನ್ಸಿಗೆ ಕುತ್ತು.

ಬೆಳ್ತಂಗಡಿಯ ಆಚೆ, ಘಟ್ಟದ ಬುಡದ ಆ ಬೈಲಿನಲ್ಲಿ ಮೊದಲು ಭತ್ತ ಬೆಳೆಯುತ್ತಿತ್ತು. ಈಗ ತಂತಿ ಬೇಲಿಯೊಳಗೆ ಎದೆಯೆತ್ತರದ ಗಾಂಜಾ. ಸರ್ಕಾರ ಪರವಾನಗಿ ಕೊಟ್ಟದ್ದು, ಔಷಧಿ ಕಂಪೆನಿ ಕೊಳ್ಳುವಂಥದ್ದು. ಅವರಿಗೆ ಹೆಣ್ಣು ಗಿಡದ ಹೂವು ಮಾತ್ರ ಬೇಕು. ಗಂಡು ಗಿಡ ಮೊಗ್ಗು ಬಿಟ್ಟದ್ದು ಕಂಡ ಕೂಡಲೇ ಬುಡಸಮೇತ ಕೀಳಬೇಕು. ಒಂದು ಉಳಿದು ಅರಳಿದರೂ ಸಾಕು, ಅದರ ಹುಡಿ ಗಾಳಿಯಲ್ಲಿ ಹಾರಿ ಸುತ್ತಲಿನ ಹೂವೆಲ್ಲ ಬೀಜ ಕಟ್ಟುತ್ತದೆ. ಆಮೇಲೆ ಕಂಪೆನಿಯವರು ತಿರುಗಿ ನೋಡುವುದಿಲ್ಲ. ಕೀಳುವ ಕೆಲಸ ಹೆಂಗಸರದ್ದು.

"ಗಂಡಸರನ್ನು ಕಿತ್ತು ಹಾಕಲಿಕ್ಕೆ ನಿಮಗೆ ಕಲಿಸಬೇಕಾ?" ಎಂದು ಮೇಸ್ತ್ರಿ ರುಕ್ಮಯ್ಯ ದಿನಾ ಹಲ್ಲು ಬಿಡುತ್ತಿದ್ದ.

"ನಿನ್ನಿಂದಲೇ ಶುರು ಮಾಡುವ, ಬಾ" ಎನ್ನುತ್ತಿದ್ದಳು ಪಕ್ಕದ ಸಾಲಿನ ಮುದುಕಿ ಪಾತುಮ್ಮ. ಹೆಂಗಸರು ನಗುತ್ತಿದ್ದರು. ಕಾಂತಿ ನಗುತ್ತಿರಲಿಲ್ಲ.

ಅವಳ ಗಂಡ ಚಿನ್ನಯ್ಯ ಜೈಲಿನಲ್ಲಿದ್ದ. ಗುಡಿಸಲಿನ ಹಿಂದೆ ಒಂದೇ ಒಂದು ಗಾಂಜಾ ಗಿಡ ಬೆಳೆಸಿದ್ದ. ಧಣಿಯ ಕೋಣ ಹೊಟ್ಟೆ ಉಬ್ಬರಿಸಿ ಮಲಗಿದಾಗಲೆಲ್ಲ, ಮದ್ದಿಗೆ ಎರಡು ಎಲೆ ಬೇಕಂತೆ ಎಂದು ಧಣಿಗಳ ದೊಡ್ಡ ಮನೆಯಾದ ಬೀಡಿನಿಂದಲೇ ಆಳು ಬರುತ್ತಿದ್ದ. ಪೊಲೀಸರು ಚಿನ್ನಯ್ಯನನ್ನು ಎಳೆದೊಯ್ದ ದಿನ ಬೀಡಿನ ಬಾಗಿಲು ಮುಚ್ಚಿತ್ತು. ಆಮೇಲೆ ಊರಲ್ಲಿ ಯಾರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಮಗಳು ತೃಪ್ತಿ ಮೂಡುಬಿದಿರೆಯ ಕಾಲೇಜಿನಲ್ಲಿ ಓದುತ್ತಿದ್ದಳು; ಫೀಸು ಕಟ್ಟಬೇಕಿತ್ತು.

ಕರೆದವನು ಸಣ್ಣ ಧಣಿ ಉಜ್ವಲ್. ಗಾಂಜಾದ ಗದ್ದೆಗೆ ಇಳಿಯಲು ಊರ ಆಳುಗಳು ಹೆದರುತ್ತಿದ್ದರು.

"ಕೇಸಿನವರ ಮನೆಯವರನ್ನು ಒಳಗೆ ಬಿಡ್ಲಿಕ್ಕಿಲ್ಲ ಅಂತ ಕಾನೂನು ಉಂಟು" ಎಂದಿದ್ದ. "ಅಬಕಾರಿ ಸಾಹೇಬ್ರು ಕೇಳಿದ್ರೆ ಗಂಡ ಸತ್ತ ಅಂತ ಹೇಳು. ಕುತ್ತಿಗೆಯದ್ದು ತೆಗೆದಿಡು. ಹೇಳಿದ ಕೂಡ್ಲೇ ಸಾಯ್ತಾನಾ ಅವ?"

ಅವಳು ಹೇಳಿದಳು. ಕರಿಮಣಿ ಅಕ್ಕಿ ಡಬ್ಬಿಯ ತಳಕ್ಕೆ ಹೋಯಿತು. ಅಂದಿನಿಂದ ಅಕ್ಕಿಗೆ ಕೈ ಹಾಕಿದಾಗಲೆಲ್ಲ ಅದು ಬೆರಳಿಗೆ ಸಿಕ್ಕುತ್ತಿತ್ತು. ಸಂಜೆ ದೈವಕ್ಕೆ ದೀಪ ಇಡುವಾಗ ಅವಳು ಮುಖ ಎತ್ತುತ್ತಿರಲಿಲ್ಲ.

ಈಗ ಗಂಜಿಯ ಹೊತ್ತಿಗೆ ಗೇಟಿನ ಹೊರಗೆ ನಿಂತು ತುರುಬು ಕಟ್ಟುತ್ತಿದ್ದಾಗ ಬದುವಿನ ಮೇಲೆ ಯಾರೋ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ನರೆತ ಗಡ್ಡ. ಚಿನ್ನಯ್ಯ.

"ಕಾಂತೀ, ಜಾಮೀನು ಸಿಕ್ಕಿತು. ಮನೆಗೆ ಬೀಗ ಉಂಟಲ್ಲ, ಕೀ ಕೊಡು."

ಜೀಪಿನ ಹತ್ತಿರ ಸಣ್ಣ ಧಣಿಯೊಡನೆ ನಿಂತಿದ್ದ ಅಬಕಾರಿ ಸಾಹೇಬ ತಿರುಗಿದ. "ಯಾರೋ ನೀನು? ಇಲ್ಲೇನೋ ಕೆಲಸ ನಿಂಗೆ?"

ಧಣಿಯ ಮುಖ ಒಂದು ಗಳಿಗೆ ಬಿಳಿಚಿತು. "ಯಾವನೋ ಬೇವರ್ಸಿ ಸಾರ್. ವಾಸನೆ ಹಿಡ್ಕೊಂಡು ಬೇಲಿ ಸುತ್ತ ತಿರುಗ್ತಾರೆ, ನಾಯಿಗಳು."

"ಹೆಸರು ಹಿಡಿದು ಕರೆದನಲ್ಲ? ಏನಮ್ಮಾ, ಇವನು ನಿಂಗೆ ಗೊತ್ತಾ?"

ಧಣಿ ಅವಳನ್ನೇ ನೋಡಿದ. ಸೊಂಟಕ್ಕೆ ಸಿಕ್ಕಿಸಿದ್ದ ಕೀ ಅವಳಿಗೆ ಚುಚ್ಚುತ್ತಿತ್ತು.

"ಗೊತ್ತಿಲ್ಲ ಸ್ವಾಮಿ."

ಚಿನ್ನಯ್ಯನ ಕಣ್ಣು ಅವಳ ಬರಿ ಕುತ್ತಿಗೆಯ ಮೇಲೆ ಇಳಿಯಿತು. ಅಲ್ಲೇ ನಿಂತಿತು.

"ನನ್ನ ಹೆಂಡ್ತಿಯ ಹೆಸರೂ ಕಾಂತಿಯೇ ಸ್ವಾಮಿ" ಎಂದ ಮೆಲ್ಲಗೆ. "ಹಿಂದಿನಿಂದ ನೋಡಿ ಅವಳೇ ಅಂತ ಎಣಿಸಿದೆ. ತಪ್ಪಾಯ್ತು."

ರುಕ್ಮಯ್ಯ ಕತ್ತಿನ ಪಟ್ಟಿ ಹಿಡಿದು ದಬ್ಬಿದ. ಚಿನ್ನಯ್ಯ ತೋಡಿನ ಕೆಸರಿಗೆ ಬಿದ್ದ. ಎದ್ದು ಚೀಲ ಹುಡುಕಿ ತೆಗೆದುಕೊಂಡ. ಹಿಂದೆ ನೋಡದೆ ಹೋದ.

ಜೀಪು ಹೊರಟ ಮೇಲೆ ಧಣಿ ಅವಳ ಹತ್ತಿರ ಬಂದು, "ಬುದ್ಧಿ ಉಂಟು ನಿಂಗೆ" ಎಂದ. ಕೋಣದ ಬೆನ್ನು ತಟ್ಟುವವನ ದನಿಯಲ್ಲಿ.

ಅವಳು ಅಂದು ಗಂಜಿ ಉಣ್ಣಲಿಲ್ಲ. ಮಧ್ಯಾಹ್ನದ ಮೇಲೆ ಸಾಲಿನ ನಡುವೆ ಒಂದು ಗಂಡು ಗಿಡ ಸಿಕ್ಕಿತು. ಮೊಗ್ಗುಗಳು ಗೊಂಚಲಾಗಿ ಜೋತು, ಇಂದೋ ನಾಳೆಯೋ ಬಿರಿಯುವಂತಿದ್ದವು. ಕಾಂತಿ ಬುಡ ಹಿಡಿದು ಎಳೆದಳು. ಮಣ್ಣು ಸಡಿಲಾಯಿತು. ಕೈ ಅಲ್ಲೇ ನಿಂತಿತು. ಮತ್ತೆ ಬಿಟ್ಟಳು. ಸಡಿಲಾದ ಮಣ್ಣನ್ನು ಹಿಮ್ಮಡಿಯಿಂದ ಒತ್ತಿ ಭದ್ರ ಮಾಡಿ ಮುಂದೆ ಸರಿದಳು.

"ಕಾಂತೀ, ಒಂದು ಬಿಟ್ಟಿದ್ದೀಯಲ್ಲ" ಎಂದಳು ಪಾತುಮ್ಮ.

"ಗೊತ್ತುಂಟು."

ಪಾತುಮ್ಮ ಗಿಡವನ್ನು ನೋಡಿದಳು. ಬೀಡಿ ಕಟ್ಟುವ ಕೆಲಸ ನಿಂತ ಮೇಲೆ ಅವಳ ಮನೆಯ ಒಲೆಯೂ ಈ ಗದ್ದೆಯಿಂದಲೇ ಉರಿಯುತ್ತಿತ್ತು. ಅದೂ ಕಾಂತಿಗೆ ಗೊತ್ತಿತ್ತು. ಅವಳಿಗೆ ತಲೆ ಎತ್ತಲಾಗಲಿಲ್ಲ.

"ತುಂಬ ಸೋತು ಹೋಗಿದ್ದಾನೆ ಮಾರಾಯ್ತಿ, ನಿನ್ನ ಗಂಡ" ಎಂದಳು ಪಾತುಮ್ಮ ಕಡೆಗೆ. "ಸಂಜೆ ಬೇಗ ನಡೆ." ಲಂಗ ಎತ್ತಿ ಹಿಡಿದು, ಗಿಡಕ್ಕೆ ತಾಗದ ಹಾಗೆ ಬದಿಯಿಂದ ದಾಟಿದಳು.

ಸಂಜೆ ಗೇಟಿನಲ್ಲಿ ಕಾವಲಿನವಳು ಹೇಳುವ ಮೊದಲೇ ಕಾಂತಿ ತುರುಬು ಬಿಚ್ಚಿದಳು. ಒದರಿದಳು. ಬಾಯಿ ತೆರೆದಳು.

"ಏನೂ ಇಲ್ಲ. ಹೋಗು."

ಘಟ್ಟದ ಕಡೆಯಿಂದ ಗಾಳಿ ಎದ್ದು ಬೇಲಿಯೊಳಗೆ ಸಾಲಿನಿಂದ ಸಾಲಿಗೆ ದಾಟುತ್ತಿತ್ತು. ಮನೆಯ ಬಾಗಿಲಲ್ಲಿ ಅವನು ಇದ್ದಾನೋ ಇಲ್ಲವೋ. ಕಾಂತಿ ಕೀಯನ್ನು ಮುಷ್ಟಿಯಲ್ಲಿ ಹಿಡಿದು, ಬಿಚ್ಚಿದ ಕೂದಲನ್ನು ಕಟ್ಟದೆ ಬದುವಿನ ಮೇಲೆ ನಡೆದಳು.