ಅತ್ತ ಕುದುರೆ, ಇತ್ತ ಹಗ್ಗ

ನಾನು ಒಂದು ಮೂಕಿ ಚಿತ್ರ. ಹತ್ತು ಹನ್ನೆರಡು ನಿಮಿಷ ಓಡಿದರೆ ಮುಗಿಯಿತು ನನ್ನ ಕಥೆ. ದೂರದ ಅಮೆರಿಕದಲ್ಲಿ, ಬಿಸಿಲು ಚೆನ್ನಾಗಿ ಬೀಳುವ ಒಂದು ಗುಡ್ಡದ ಬುಡದಲ್ಲಿ ನನ್ನನ್ನು ಹುಟ್ಟಿಸಿದರು. ಹುಟ್ಟಿನಿಂದಲೇ ನಾನು ಸುಳ್ಳುಬುರುಕ. ಮುಖಕ್ಕೆ ಬಣ್ಣ ಬಳಿದುಕೊಂಡ ಬಿಳಿಯರೇ ನನ್ನೊಳಗೆ ಕಾಡುಜನರಾಗಿ ಕುಣಿದರು. ಹಗಲಲ್ಲಿ ತೆಗೆದ ದೃಶ್ಯಕ್ಕೆ ನೀಲಿ ಹಚ್ಚಿ ರಾತ್ರಿ ಎಂದರು. ಅದೂ ನಾಚಿಕೆಯೇ, ಆದರೆ ಆಟ ಎಂದಮೇಲೆ ವೇಷ ಇದ್ದದ್ದೇ ಎಂದುಕೊಂಡೆ. ನನ್ನ ಕೊನೆಯ ಭಾಗಕ್ಕೆ ಮಾತ್ರ ಯಾವ ಸಬೂಬೂ ಹೊಳೆಯುವುದಿಲ್ಲ.

ಅಲ್ಲಿ ತಪ್ಪು ಮಾಡದ ಒಬ್ಬನನ್ನು ಗಲ್ಲಿಗೆ ಕರೆತರುತ್ತಾರೆ. ಅವನಿಗೆ ಮಾಫಿ ಸಿಕ್ಕಿದೆ. ಆ ಸುದ್ದಿ ಹೊತ್ತು ಸವಾರನೊಬ್ಬ ಧಾವಿಸುತ್ತಿದ್ದಾನೆ. ಒಮ್ಮೆ ಕುದುರೆ ತೋರಿಸುತ್ತೇನೆ, ಒಮ್ಮೆ ಹಗ್ಗ. ಮತ್ತೆ ಕುದುರೆ, ಮತ್ತೆ ಹಗ್ಗ. ಬರಬರುತ್ತ ತುಂಡುಗಳು ಚಿಕ್ಕವಾಗುತ್ತವೆ, ನೋಡುವವರ ಎದೆ ಡವಡವ ಅನ್ನುತ್ತದೆ. ಇನ್ನೇನು ಮುಗಿಯಿತು ಅನ್ನುವಾಗ ಸವಾರ ಬಂದು ಬಿಳಿ ಬಟ್ಟೆ ಬೀಸುತ್ತಾನೆ. ನಿಜ ಹೇಳಲೇ? ಆ ಕುದುರೆ ಓಡಿದ್ದು ಒಂದು ದಿನ, ಹಗ್ಗ ಕಟ್ಟಿದ್ದು ಇನ್ನೊಂದು ದಿನ. ಸವಾರನಿಗೆ ತಡವಾಗುವ ಭಯವೇ ಇರಲಿಲ್ಲ.

ಕೈಯಿಂದ ಕೈಗೆ ದಾಟಿ, ಮೈಯೆಲ್ಲ ಗೀರಾಗಿ, ಕೊನೆಗೆ ಬಳ್ಳಾರಿಯ ದಸ್ತಗೀರ್ ಸಾಹೇಬರ ಬಯೋಸ್ಕೋಪು ಡೇರೆಗೆ ಬಂದು ಬಿದ್ದೆ. ಅಲ್ಲಿ ಪರದೆಯ ಪಕ್ಕ ನಿಂತು ಕಥೆ ಹೇಳಲು ಎರ್ರಿಸ್ವಾಮಿ ಎಂಬಾತನಿದ್ದ. ಮೊದಲು ಬಯಲಾಟದಲ್ಲಿ ಹಾಡುತ್ತಿದ್ದವನು. ನನ್ನ ನಡುನಡುವೆ ಬರುವ ಇಂಗ್ಲಿಷ್ ಬರಹ ಓದಲು ಅವನಿಗೆ ಬರುತ್ತಿರಲಿಲ್ಲ. ಬಂದಿದ್ದರೂ ಓದುತ್ತಿರಲಿಲ್ಲ ಬಿಡಿ. ಅಮೆರಿಕವನ್ನೇ ಎತ್ತಿ ತಂದು ಬಳ್ಳಾರಿಯೊಳಗೆ ಇಟ್ಟುಬಿಡುತ್ತಿದ್ದ.

“ಅತ್ತ ನೋಡ್ರಪೋ ಕುದುರಿ, ಕೌಲ್‌ಬಜಾರ ದಾಟ್ತು! ಇತ್ತ ನೋಡ್ರಿ, ಕೊರಳಿಗೆ ಹಗ್ಗ! ಅತ್ತ ಕುದುರಿ, ಕೋಟೆ ಬಾಗಲಿಗೆ ಬಂತು!”

ಜನ ಶಿಳ್ಳೆ ಹೊಡೆದು ಕೂಗುತ್ತಿದ್ದರು. ನಾನೂ ಉಬ್ಬಿಹೋಗಿದ್ದೆ.

ಹೆಂಗಸರ ಕಡೆ ಹುಲಿಗೆವ್ವ ಎಂಬಾಕೆ ದಿನಾ ಬಂದು ಕೂರತೊಡಗಿದಳು. ಅವಳ ಗಂಡ ಜಂಬಣ್ಣ ಕೊಲೆಯ ಆರೋಪದ ಮೇಲೆ ಸೆರೆಮನೆಯಲ್ಲಿದ್ದ. ಗಲ್ಲು ಎಂದು ತೀರ್ಪಾಗಿತ್ತು. ಮದರಾಸಿಗೆ ಮಾಫಿಯ ಅರ್ಜಿ ಹೋಗಿತ್ತು, ಉತ್ತರ ಬಂದಿರಲಿಲ್ಲ. ಒಂದು ಸಂಜೆ ಆಟ ಮುಗಿದಮೇಲೆ ಅವಳು ಎರ್ರಿಸ್ವಾಮಿಯನ್ನು ತಡೆದು ಕೇಳಿದಳು.

“ಅಣ್ಣಾ, ಮಾಫಿ ತರೋ ಸವಾರ ಯಾವ ದಾರೀಲೆ ಬರ್ತಾನ?”

ಅವಳು ಯಾರ ಹೆಂಡತಿಯೆಂದು ಅವನಿಗೆ ತಿಳಿಯದು. ಇನ್ನೂ ಆಟದ ಗುಂಗಿನಲ್ಲೇ ಇದ್ದ. “ಗುತ್ತಿ ರಸ್ತೆಲೆ ಬರ್ತಾನವ್ವ, ಮತ್ತೆಲ್ಲಿಂದ ಬರ್ತಾನ!”

“ತಡ ಆದ್ರ?”

“ಎಂದಾರ ತಡ ಮಾಡ್ಯಾನೇನು? ದಿನಾ ನೀನೇ ನೋಡ್ತೀಯಲ್ಲ. ಹಗ್ಗ ಬಿಗಿಯೋದ್ರಾಗ ಬಂದೇ ಬರ್ತಾನ.”

ಮುಂದಿನದ್ದು ಡೇರೆಯಲ್ಲಿ ಜನ ಆಡಿಕೊಂಡಾಗ ನನ್ನ ಕಿವಿಗೆ ಬಿತ್ತು. ಗಲ್ಲಿನ ಹಿಂದಿನ ದಿನ ಮನೆಯವರಿಗೆ ಕೊನೆಯ ಭೇಟಿ. ಸೆರೆಮನೆಯ ಬಾಗಿಲಲ್ಲಿ ಹುಲಿಗೆವ್ವನ ಹೆಸರು ಕೂಗಿದರಂತೆ. ಅವಳು ಅಲ್ಲಿರಲಿಲ್ಲ. ಮದರಾಸಿನ ಕಡೆಯಿಂದ ಬರುವ ಗುತ್ತಿ ರಸ್ತೆಯ ಹುಣಸೆಮರದ ಕೆಳಗೆ, ಸವಾರನಿಗೆ ಕುಡಿಯಲು ತಂಬಿಗೆ ನೀರು ಹಿಡಿದು ನಿಂತಿದ್ದಳು. ಕರೆಯಲು ಹೋದವರಿಗೆ, “ನಾನು ಒಳಗ ಹೋಗಿ ಅಳಕೋಂತ ಕುಂತ್ರ, ಆ ಸವಾರಗ ಜೈಲಿನ ದಾರಿ ತೋರ್ಸೋರು ಯಾರು?” ಎಂದು ಬೈದು ಕಳಿಸಿದಳಂತೆ. ಮಾರನೆಯ ಬೆಳಿಗ್ಗೆಯೂ ಅಲ್ಲೇ ಇದ್ದಳು. ಮಾಫಿ ಬರಲಿಲ್ಲ, ಅಷ್ಟರಲ್ಲಿ ಜಂಬಣ್ಣನನ್ನು ಗಲ್ಲಿಗೇರಿಸಿದ್ದರು. “ನಮ್ಮಾಕಿ ಬಂದ್ಲಾ?” ಎಂದು ಕೊನೆಯ ತನಕ ಕೇಳುತ್ತಿದ್ದನಂತೆ.

ಥೂ, ನನ್ನ ಜನ್ಮಕ್ಕಿಷ್ಟು! ಗಂಡನ ಮುಖ ನೋಡುವ ಕೊನೆಯ ಹೊತ್ತನ್ನು ಅವಳು ನನ್ನ ಕುದುರೆಯನ್ನು ನಂಬಿ ಕಳೆದುಕೊಂಡಳು.

ಕೆಲವು ದಿನ ಬಿಟ್ಟು ಹುಲಿಗೆವ್ವ ಮತ್ತೆ ಡೇರೆಗೆ ಬಂದಳು. ಅವಳನ್ನು ಕಂಡದ್ದೇ ಎರ್ರಿಸ್ವಾಮಿಯ ನಾಲಗೆ ಬಿದ್ದುಹೋಯಿತು. ಅವನಾದರೂ ಸುಮ್ಮನಾದ, ನಾನು ನಿಲ್ಲುವಂತಿರಲಿಲ್ಲ. ಯಂತ್ರದ ಹಿಡಿ ತಿರುಗಿಸುತ್ತಿದ್ದರು, ಓಡಲೇಬೇಕು. ಹರಿದುಹೋಗಲಿ, ಹೊತ್ತಿ ಉರಿದುಹೋಗಲಿ ನಾನು ಎಂದು ಬೇಡಿಕೊಂಡೆ. ಏನೂ ಆಗಲಿಲ್ಲ. ಸವಾರ ಹೊತ್ತಿಗೆ ಸರಿಯಾಗಿ ಬಂದ. ಬಿಡುಗಡೆಯಾದವನನ್ನು ಅವನ ಹೆಂಡತಿ ಓಡಿಬಂದು ತಬ್ಬಿಕೊಂಡಳು.

ಎರ್ರಿಸ್ವಾಮಿ ಹುಲಿಗೆವ್ವನ ಮುಂದೆ ಕುಸಿದು ಕುಳಿತ. “ಅವ್ವಾ, ತಿಳೀದ ಅಂದ್ಬಿಟ್ಟೆ...”

“ಬಿಡಪ್ಪ,” ಎಂದಳು ಅವಳು, ಪರದೆಯಿಂದ ಕಣ್ಣು ಕೀಳದೆ. “ಆಕಿ ಗಂಡನಾರ ಉಳಿದ್ನಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾತಾಡುವ ಚಿತ್ರಗಳು ಬಂದಮೇಲೆ ನನ್ನನ್ನು ಕೇಳುವವರಿಲ್ಲದಾಯಿತು. ಈಗ ಹಳೆಯ ಚಿತ್ರಗಳನ್ನು ಕಾಪಾಡುವ ಒಂದು ತಣ್ಣನೆಯ ಕೋಣೆಯಲ್ಲಿ, ತಗಡಿನ ಡಬ್ಬಿಯೊಳಗೆ ಅಂಟಂಟಾಗಿ ಬಿದ್ದಿದ್ದೇನೆ. ಪಕ್ಕದ ಕೋಣೆಯಲ್ಲಿ ಮೇಷ್ಟ್ರೊಬ್ಬರು ಸಿನಿಮಾ ಕಲಿಯುವ ಮಕ್ಕಳಿಗೆ ನನ್ನ ನಕಲು ತೋರಿಸುತ್ತಾರೆ. “ಎರಡು ಜಾಗ, ಒಂದೇ ಹೊತ್ತು. ಹೇಗೆ ಜೋಡಿಸಿದ್ದಾರೆ ನೋಡಿ! ಕಥೆ ಹೇಳೋದು ಅಂದ್ರೆ ಇದು!” ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನಾನು ಡಬ್ಬಿಯೊಳಗೇ ಮುದುಡಿಕೊಳ್ಳುತ್ತೇನೆ.

ಹೌದು ಮೇಷ್ಟ್ರೇ. ಎರಡು ಜಾಗ, ಒಂದೇ ಹೊತ್ತು. ಅತ್ತ ಜಂಬಣ್ಣ ಬಾಗಿಲು ನೋಡುತ್ತ ಕೂತಿದ್ದ. ಇತ್ತ ಹುಲಿಗೆವ್ವ ರಸ್ತೆ ನೋಡುತ್ತ ನಿಂತಿದ್ದಳು. ಅವೆರಡನ್ನು ಜೋಡಿಸಲು ನನ್ನಿಂದ ಆಗಲಿಲ್ಲ.