ಕಸದ ಗಾಡಿಗೆ ಲಿಂಬೆಹಣ್ಣು

ಪಂಚಾಯಿತಿಗೆ ಬಂದ ಹೊಸ ಕಸದ ಗಾಡಿಯ ಗಾಲಿಗಳ ಕೆಳಗೆ ಲಿಂಬೆಹಣ್ಣು ಕಂಡದ್ದೇ ತಡ, ವೀರುವಿನ ತಲೆ ಕೆಟ್ಟಿತು. ಡಂಬಳದ ಹಾದಿಯಲ್ಲಿರುವ ಆ ಊರಿಗೆ ಅವನು ಹೊಸ ಮೆಂಬರು. ದೇವರನ್ನು ನಂಬದವನೆಂದು ಗೊತ್ತಿದ್ದೂ ಊರು ಅವನನ್ನು ಗೆಲ್ಲಿಸಿತ್ತು. ಸರಕಾರಿ ಕೆಲಸದಲ್ಲಿ ಪೂಜೆ ನಡೆಯಗೊಡುವುದಿಲ್ಲ ಎಂದು ಮೊದಲ ಸಭೆಯಲ್ಲೇ ಟೇಬಲ್ಲು ಗುದ್ದಿ ಹೇಳಿದ್ದ. ಇವತ್ತು ಬಿಟ್ಟುಕೊಟ್ಟರೆ ಆ ಮಾತಿಗೆ ಏನು ಬೆಲೆ ಉಳಿದೀತು?

"ಯಾರಿಟ್ಟಿದ್ದು ಇವನ್ನ?" ಎಂದು ಬಗ್ಗಿ ನಾಲ್ಕನ್ನೂ ಎತ್ತಿಕೊಂಡ.

"ನಾನ್ರಿ," ಅಂದಳು ಮಾಳವ್ವ. ಹೊಲದ ಕೂಲಿ ಬಿಟ್ಟು, ಗದಗಿನಲ್ಲಿ ಡ್ರೈವಿಂಗ್ ಕಲಿತು ಬಂದವಳು. ಊರ ಓಣಿಯಲ್ಲಿ ಗಾಡಿ ಹೊಡೆಯುವುದು ಅವಳಿಗೆ ಇದೇ ಮೊದಲು.

"ಇದು ಎಲ್ಲಾರ ಗಾಡಿ, ಅಕ್ಕಾ. ನಿಮ್ಮ ಮನಿದಲ್ಲ."

"ಖರೆ ಐತ್ರಿ. ಲಿಂಬಿಹಣ್ಣು ಅಷ್ಟ ನನ್ನ ಮನಿವು."

ನಿಂತವರು ನಕ್ಕರು. ವೀರುವಿನ ಕಿವಿ ಬಿಸಿಯಾದವು. ಒಗೆಯಲು ಕೈ ಎತ್ತಿದ. ಕುಂಕುಮ ಹಚ್ಚಿದ ಹಣ್ಣು. ಎಲ್ಲಿ ಮೈಮೇಲೆ ಬಿದ್ದೀತೋ ಎಂದು ಜನ ಸರಕ್ಕನೆ ಹಿಂದೆ ಸರಿದರು. ಅವನಿಗೆ ಅಂಥ ಅಂಜಿಕೆಯೇನೂ ಇರಲಿಲ್ಲ. ಆದರೂ ಕೈ ಅಲ್ಲೇ ನಿಂತಿತು. ಯಾಕೆ ನಿಂತಿತೋ ಅವನಿಗೇ ತಿಳಿಯಲಿಲ್ಲ.

"ಒಗೀರಿ," ಅಂದಳು ಮಾಳವ್ವ. "ನಾ ಜಗಳಾ ತಗ್ಯಾಂಗಿಲ್ಲ. ಆದ್ರ ಇವತ್ತ ಗಾಡಿನೂ ಹತ್ತಾಂಗಿಲ್ಲ. ಕೈ ನಡಗಾಕ ಹತ್ಯಾವ. ಓಣ್ಯಾಗ ಹುಡುಗ್ರು ಆಡತಿರ್ತಾವ."

"ಹಣ್ಣಿಟ್ಟರ ಬ್ರೇಕ್ ಛಲೋ ಹತ್ತತೈತೇನು?"

"ಬ್ರೇಕಿಗಲ್ರಿ, ನನಗ. ನೀವು ಮೆಂಬರ್ ಆದಾಗ ದೇವರ ಹೆಸರು ಬಿಟ್ಟು ಆಣಿ ಮಾಡಿದ್ರಿ. ನಾವು ಚಪ್ಪಾಳಿ ಹೊಡೀಲಿಲ್ಲೇನು?"

ಹೊಡೆದಿದ್ದರು. ಇವಳೇ ಎಲ್ಲರಿಗಿಂತ ಜೋರಾಗಿ ಹೊಡೆದಿದ್ದಳು. ವೀರು ಹಲ್ಲು ಕಡಿದ. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಹೀಗೆ ಸುಮ್ಮನೆ ಎದುರಿಗೆ ನಿಂತವಳ ಜೊತೆ ಹೇಗೆ ಗುದ್ದಾಡುವುದು? ಸಿಟ್ಟೇನೋ ಹಾಗೇ ಇತ್ತು. ಯಾರ ಮೇಲೆ ಅನ್ನುವುದೇ ಕೈತಪ್ಪಿ ಹೋಗಿತ್ತು. ಹಣ್ಣುಗಳನ್ನು ಅವಳ ಕೈಗೆ ಕೊಟ್ಟ.

"ಇಡ್ರಿ. ನಾ ಮಾತ್ರ ಕೈ ಮುಗಿಯಾಂಗಿಲ್ಲ."

"ಯಾರು ಮುಗೀರಿ ಅಂದ್ರು?"

ಅವಳೇ ಇಟ್ಟಳು, ಅವಳೇ ಹತ್ತಿದಳು. ಹಣ್ಣುಗಳು ಚಪ್ಪಟೆಯಾದವು. ಗಾಡಿ ಗೇಟು ದಾಟುವಷ್ಟರಲ್ಲಿ ಅಧ್ಯಕ್ಷ ದೇವೇಂದ್ರಪ್ಪ ಅಡ್ಡ ಬಂದ. ಕೈಯಲ್ಲಿ ದೇವರ ದೊಡ್ಡ ಸ್ಟಿಕ್ಕರು. ವೀರು ಸೋತನೆಂದು ಹಿಗ್ಗಿದ್ದ.

"ಹೆಂಗೂ ಪೂಜಿ ಆತಲ್ಲ, ಮುಂದಿನ ಗ್ಲಾಸಿಗೆ ಇದನ್ನ ಹಚ್ಚಿಬಿಡೂಣು."

ವೀರು ಮುಂದೆ ನುಗ್ಗಿದ. ಅವನು ಬಾಯಿ ತೆರೆಯುವ ಮೊದಲೇ ಮಾಳವ್ವ ಕಿಡಕಿಯಿಂದ ತಲೆ ಹೊರಹಾಕಿದಳು.

"ಬ್ಯಾಡ್ರಿ ಯಜಮಾನ್ರ. ನನ್ನ ಅಂಜಿಕಿ ಇಲ್ಲೇ ನೆಲದ ಮ್ಯಾಲ ಮುಗೀತು. ಇದು ದಿನಾ ಗೌಸಸಾಬನ ಮನಿ ಮುಂದೂ ನಿಂದ್ರೋ ಗಾಡಿ. ಎಲ್ಲಾರದು ಅಂತ ಮೆಂಬರ್ರು ಹೇಳ್ಯಾರಲ್ಲ."

ದೇವೇಂದ್ರಪ್ಪ ಸ್ಟಿಕ್ಕರು ಸುತ್ತಿ ಬಗಲಲ್ಲಿ ಇಟ್ಟುಕೊಂಡು ವೀರುವಿನ ಕಡೆ ಹೊರಳಿದ.

"ಏನ್ ಕಲಿಸೀಯಪಾ ಈಕಿಗೆ?"

ತಾನು ಹೇಳಿದ್ದು ಇದೇ ಏನು? ಇದೇ ಆಗಿದ್ದರೆ, ಲಿಂಬೆಹಣ್ಣನ್ನು ಎತ್ತಿಕೊಂಡದ್ದು ಯಾಕೆ? ಗೆದ್ದೆನೋ ಸೋತೆನೋ ವೀರುವಿಗೆ ಹೊಳೆಯಲಿಲ್ಲ.

"ನನಗೂ ತಿಳೀವಲ್ದು ಕಾಕಾ," ಅಂದ. "ಸರೀರಿ, ಆಕಿಗೆ ಹಾದಿ ಬಿಡ್ರಿ."