ಹೊಳಬಸಪ್ಪನ ಎಣ್ಣೆಡಬ್ಬಿ

ಹುನಗುಂದದಲ್ಲಿ ಕಿರುಗುಟ್ಟುವ ಬಾಗಿಲೊಂದೂ ಉಳಿಯದಂತೆ ನೋಡಿಕೊಂಡ ಮನುಷ್ಯ ಹೊಳಬಸಪ್ಪ. ಯಾರ ಮನೆಗೇ ಬರಲಿ, ಹೊಸ್ತಿಲಾಚೆ ನಿಂತು, ಖಾಕಿ ಕೋಟಿನ ಬಲಜೇಬಿನಿಂದ ಉದ್ದ ಮೂತಿಯ ಎಣ್ಣೆಡಬ್ಬಿ ತೆಗೆದು, ಕೀಲುಗಳಿಗೆ ಒಂದೊಂದು ತೊಟ್ಟು ಕುಸುಬಿ ಎಣ್ಣೆ ಬಿಟ್ಟು, ಬಾಗಿಲನ್ನು ಹಿಂದೆ ಮುಂದೆ ತೂಗಿ ನೋಡಿ, ಆಮೇಲೆಯೇ ಕುಶಲಪ್ರಶ್ನೆ. ಆ ಜೇಬು ಸದಾ ಎಣ್ಣೆಯಲ್ಲಿ ನೆನೆದು ಕಪ್ಪಾಗಿರುತ್ತಿತ್ತು. ಡಬ್ಬಿಯ ಭಾರಕ್ಕೋ ಅಭ್ಯಾಸಬಲಕ್ಕೋ, ನಡೆಯುವಾಗ ಬಲಭುಜ ಕೊಂಚ ಇಳಿದಿರುತ್ತಿತ್ತು. "ಒಣಾ ಬಿಡಬಾರ್ದ್ರಿ, ಯಾವುದನ್ನೂ ಒಣಾ ಬಿಡಬಾರ್ದು" ಎಂಬುದು ಅವನ ನಿತ್ಯದ ಪಲ್ಲವಿ. ನಮ್ಮ ತಾಯಿ ಮಥುರಾಬಾಯಿ, "ನಮ್ಮ ಬಾಗಲಾ ಮಾತಾಡೂದ ಬಿಟ್ಟದಲ್ಲೋ ಹೊಳಬಸಪ್ಪಾ, ಕಳ್ಳ ಬಂದ್ರ ಯಾರು ಹೇಳಬೇಕು?" ಎಂದು ಗೇಲಿ ಮಾಡಿದರೆ, "ಕಳ್ಳಗೂ ಕಿರಿಕಿರಿ ಆಗಬಾರ್ದಲ್ರಿ ಅವ್ವಾರ" ಎಂದು ನಗುತ್ತಿದ್ದ.

ಮರ ಕೊಯ್ಯುವುದು ಅವನ ಕಸುಬು. ಹರೆಯದಿಂದಲೂ ಜೋಡಿ ಮೀರಾಸಾಬ. ದಿಮ್ಮಿಯನ್ನು ನೆಲದಲ್ಲಿ ತೋಡಿದ ಕುಣಿಯ ಮೇಲೆ ಅಡ್ಡಹಾಕಿದರೆ, ಮೇಲೆ ನಿಂತು ಗರಗಸ ಎಳೆಯುವವನು ಹೊಳಬಸಪ್ಪ, ಕುಣಿಯೊಳಗೆ ನಿಂತು ಎಳೆಯುವವನು ಮೀರಾಸಾಬ. ಮೇಲಿನವನಿಗೆ ಗಾಳಿ, ಕೆಳಗಿನವನಿಗೆ ಹೊಟ್ಟು. ವರ್ಷಗಟ್ಟಲೆ ಉದುರಿದ ಆ ಹೊಟ್ಟು ಎದೆಗಿಳಿದು, ನಾಲ್ಕು ಎಳೆತಕ್ಕೇ ಉಬ್ಬಸ ಬರತೊಡಗಿದಾಗ, ಮೀರಾಸಾಬ ಕಸುಬು ಬಿಟ್ಟು ಬಾದಾಮಿಗೆ, ಮಗಳು ಲಾಲಬಿಯ ಮನೆಗೆ ಹೋಗಿಬಿಡುವ ಮಾತೆತ್ತಿದ. ಅಂದಿನಿಂದ ಹೊಳಬಸಪ್ಪನಿಗೆ ರೊಟ್ಟಿ ರುಚಿಸಲಿಲ್ಲ.

ಮಹಾಯುದ್ಧ ಮುಗಿದು ವರ್ಷಗಳಾಗಿದ್ದರೂ ಸೈನ್ಯದ ಹಳೆಯ ಸರಂಜಾಮು ಇನ್ನೂ ಹರಾಜಾಗುತ್ತಿದ್ದ ಕಾಲ. ಬೆಳಗಾವಿಯಿಂದ ಅವನೊಂದು ಕೆಟ್ಟುನಿಂತ ಮೋಟಾರು ಗರಗಸ ತಂದ: ಹಲ್ಲಿನ ಸರಪಳಿ, ಒಂದು ತುದಿಗೆ ಎಂಜಿನ್ನು, ಹಿಡಿಯಲು ಇಬ್ಬರು ಬೇಕು. ಅದನ್ನು ಬಿಚ್ಚಿ, ತೊಳೆದು, ಬಸ್ಸಿನವರಿಂದ ಬೇಡಿ ತಂದ ಬಿಡಿಭಾಗಗಳಿಂದ ಮತ್ತೆ ಜೋಡಿಸಿ, ಗೆಳೆಯನ ಮುಂದಿಟ್ಟು ಹೇಳಿದ: "ನೋಡಲೇ ಮೀರಾ, ಇದರಾಗ ಕೆಳಗ ನಿಲ್ಲೋ ಮಾತಿಲ್ಲ. ಇಬ್ರೂ ಮ್ಯಾಲ."

ಎಂಜಿನ್ನು ಊರಿಗೆಲ್ಲ ಕೇಳುವಂತೆ ಗರ್ಜಿಸಿತು. ಸರಪಳಿ ಮಾತ್ರ ಬೇವಿನ ದಿಮ್ಮಿಗೆ ತಾಗಿದೊಡನೆ ನಿಂತುಬಿಟ್ಟಿತು. ಎಂಜಿನ್ನಿನ ಬಲವನ್ನು ಸರಪಳಿಗೆ ದಾಟಿಸುವ ಕ್ಲಚ್ಚು ಜಾರುತ್ತಿತ್ತು. ಹೊಳಬಸಪ್ಪ ಸ್ಪ್ರಿಂಗು ಬದಲಿಸಿದ. ಸವೆದ ಪಟ್ಟಿಗಳನ್ನು ಕಿತ್ತು ಹೊಸವನ್ನು ಕೂಡಿಸಿದ. ಕೂಡಿಸಿದ ದಿನ ಮರವನ್ನು ಕಚ್ಚುವುದು, ಮರುದಿನ ಮತ್ತೆ ಜಾರುವುದು. ಅತ್ತ ಮೀರಾಸಾಬನ ಗಂಟುಮೂಟೆ ಸಿದ್ಧವಾಗಿತ್ತು.

ಹೊರಡುವ ಹಿಂದಿನ ದಿನ ಕಡೆಯ ಸಲವೆಂದು ಇಬ್ಬರೂ ಗರಗಸ ಹಿಡಿದರು, ನಾನೂ ಅಲ್ಲಿದ್ದೆ. ಎಂಜಿನ್ನು ಚೀರಿತು, ಸರಪಳಿ ನಿಂತಿತು, ಕ್ಲಚ್ಚಿನಿಂದ ಹೊಗೆಯೆದ್ದು ಸುತ್ತಲೂ ಮಿರ್ಚಿಭಜಿ ಕರಿಯುವ ಘಮಲು ಹರಡಿತು. ಮೀರಾಸಾಬ ಮೂಗರಳಿಸಿದ.

"ಬಸಪ್ಪಾ, ಇದು ಕುಸುಬಿ ಎಣ್ಣಿ ವಾಸನಿ. ಕ್ಲಚ್ಚಿಗೂ ಬಿಟ್ಟಿಯೇನ?"

"ದಿನಾ ಸಂಜೀಕ ಬಿಡ್ತೇನಲ್ಲ. ಪಾಪ, ಅಷ್ಟ ತಿಕ್ಕಾಡ್ತೈತಿ, ಒಣಾ ಹ್ಯಾಂಗ ಬಿಡ್ಲಿ?"

ಮೀರಾಸಾಬ ಉಬ್ಬಸ ಬರುವವರೆಗೆ ನಕ್ಕ. "ಏ ಹುಚ್ಚಾ, ಗರಗಸದ ಹಿಡಿಕಿಗೆ ಎಣ್ಣಿ ಬಡದ್ರ ನಾ ಹ್ಯಾಂಗ ಹಿಡೀಲಿ? ಅದೂ ಹಂಗ. ತಾ ಇಲ್ಲಿ ಡಬ್ಬಿ."

ಹೊಳಬಸಪ್ಪ ಮುಖ ಸಣ್ಣದು ಮಾಡಿಕೊಂಡು ಡಬ್ಬಿ ಕೊಟ್ಟ. ಕ್ಲಚ್ಚನ್ನು ಬಿಚ್ಚಿ ಪೆಟ್ರೋಲಿನಿಂದ ತೊಳೆದು, ಪಟ್ಟಿಗಳನ್ನು ಉಜ್ಜಿ, ಬಿಸಿಲಿಗಿಟ್ಟು, ಸಂಜೆ ಯಾರೂ ಮುಟ್ಟದಂತೆ ಮೀರಾಸಾಬನೇ ಕಾದ. ಮರುದಿನ ಬೆಳಿಗ್ಗೆ ಬೇವಿನ ದಿಮ್ಮಿ ತಡೆಯಿಲ್ಲದೆ ಸೀಳಿತು; ಒಂದು ತುದಿಗೆ ಇವನು, ಇನ್ನೊಂದು ತುದಿಗೆ ಅವನು, ಇಬ್ಬರೂ ಮೇಲೆ. ಬಾದಾಮಿಯ ಬಂಡಿ ಮೀರಾಸಾಬನಿಲ್ಲದೆ ಹೋಯಿತು.

ಆಮೇಲೆಯೂ ಪ್ರತಿ ಸಂಜೆ ಹೊಳಬಸಪ್ಪ ಯಂತ್ರದ ಬಳಿ ಬಂದು ನಿಲ್ಲುತ್ತಿದ್ದ. ಕೈ ತಾನಾಗಿ ಜೇಬಿಗೆ ಹೋಗುವುದು, ಡಬ್ಬಿಯ ಮೂತಿ ಹೊರಬರುವುದು, ಸರಪಳಿಗೆ ಬೇಕಾದಷ್ಟು ಬಿಟ್ಟು ಕ್ಲಚ್ಚಿನ ಹತ್ತಿರ ಬಂದಾಗ ನಿಂತುಬಿಡುವುದು. ಮಿಕ್ಕ ಎಣ್ಣೆಯನ್ನೆಲ್ಲ ಮೀರಾಸಾಬನ ಬಾಗಿಲಿಗೆ ಸುರಿದು ಬರುತ್ತಿದ್ದ. ಮೀರಾಸಾಬನ ಹೆಂಡತಿ ಮಾಬುಬಿ, "ಅಗಳಿ ಹಾಕಾಕ ಹೋದ್ರ ಕೈ ಜಾರತೈತಿ" ಎಂದು ಗೊಣಗುತ್ತಿದ್ದಳು.

ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳಲಾರದೆ ಕೈಯಿಂದ ಸುರಿಯುವ ಜನ ಇವರು. ಇಂಥವರಿಗೆ ಕೊಡುವುದು ಸುಲಭ, ಕೈ ತಡೆದು ಸುಮ್ಮನೆ ನಿಲ್ಲುವುದೇ ಪ್ರಾಣಸಂಕಟ. ಗೆಳೆಯ ಊರಲ್ಲಿ ಉಳಿಯಲೆಂದು ಹೊಳಬಸಪ್ಪ ಆ ಸಂಕಟವನ್ನು ದಿನಾ ಸಂಜೆ ಪಟ್ಟ.